ಮೂರನೇ ಸಿಲಿಂಡರಿನ ತಕರಾರು

ಹುಣಸೂರು ಬಿಟ್ಟು ಕಂಪಲಾಪುರ ಹತ್ತಿರವಾಗುವಾಗ ಕಾರು ಮಿಸ್ಸಿಂಗ್ ಹೊಡೆಯತೊಡಗಿತು. ಆಕ್ಸಿಲರೇಟರ್ ತುಳಿದರೆ ಪಿಕಪ್ ಇಲ್ಲ, ಬಿಟ್ಟರೆ ಬಾನೆಟ್ಟೆಲ್ಲ ನಡುಕ, ಮೀಟರಿನಲ್ಲಿ ಹಳದಿ ಚೆಕ್ ಲೈಟು. ಪಿರಿಯಾಪಟ್ಟಣದವರೆಗೆ ಕುಂಟಿಸಿಕೊಂಡು ಹೋದೆ. ಗ್ಯಾರೇಜಿನ ಹುಡುಗ ಸ್ಟೀರಿಂಗ್ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಹಾಕಿದ. ಬಂದದ್ದು ಪಿ0203. ‘ಮೂರನೇ ಇಂಜೆಕ್ಟರ್ ಹೋಗಿದೆ ಸಾರ್, ಹೊಸದೇ ಹಾಕ್ಬೇಕು.’ ಅವನು ಹೇಳಿದ ರೇಟು ಕೇಳಿ, ಕಾಫಿ ಕುಡಿದು ಬರುತ್ತೇನೆಂದು ಎದ್ದೆ.

ಆ ಕೋಡಿನ ಅರ್ಥ ಬೇರೆ. ಪಿ0201ರಿಂದ ಪಿ0204ರವರೆಗಿನ ನಾಲ್ಕು ಕೋಡುಗಳು ನಾಲ್ಕು ಸಿಲಿಂಡರುಗಳ ಇಂಜೆಕ್ಟರ್ ಸರ್ಕ್ಯೂಟಿಗೆ ಸೇರಿದವು. ಸರ್ಕ್ಯೂಟ್ ಎಂದರೆ ಇಂಜೆಕ್ಟರ್, ಅದರ ಕಪ್ಲರ್, ಎರಡು ವೈರು, ಆಚೆ ತುದಿಯ ಇಸಿಯು ಎಂಬ ಎಂಜಿನ್ ಕಂಪ್ಯೂಟರ್, ಇಷ್ಟೂ ಸೇರಿ. ಕೋಡು ಬೀದಿ ತೋರಿಸುತ್ತದೆ, ಮನೆಯನ್ನು ನಾವೇ ಹುಡುಕಬೇಕು.

ಅದೃಷ್ಟಕ್ಕೆ ಹೋಟೆಲಿನಲ್ಲಿ ಪರಿಚಯದ ಆಟೊ ಎಲೆಕ್ಟ್ರಿಷಿಯನ್ ಸಿಕ್ಕರು. ಟ್ರ್ಯಾಕ್ಟರ್ ಡೈನಮೊ ರಿಪೇರಿ ಮಾಡುತ್ತಿದ್ದ ಹಳೆಯ ಕೈ. ಬಂದವರು ಸ್ಕ್ಯಾನರ್ ಕೇಳಲಿಲ್ಲ, ಉದ್ದನೆಯ ಸ್ಕ್ರೂ ಡ್ರೈವರ್ ಕೇಳಿದರು. ಎಂಜಿನ್ ಓಡುತ್ತಿರುವಾಗಲೇ ಅದರ ತುದಿಯನ್ನು ಇಂಜೆಕ್ಟರಿನ ಮೈಮೇಲಿಟ್ಟು ಹಿಡಿಯನ್ನು ಕಿವಿಗೊತ್ತಿದರು. ಒಂದು, ಎರಡು, ನಾಲ್ಕರಲ್ಲಿ ಟಿಕ್ ಟಿಕ್. ಮೂರು ಮೌನ.

ಆ ಟಿಕ್ ಟಿಕ್ ಏನೆಂದರೆ, ಪೆಟ್ರೋಲ್ ಇಂಜೆಕ್ಟರಿನೊಳಗೆ ಒಂದು ತಾಮ್ರದ ಸುರುಳಿ ಇದೆ. ಕರೆಂಟು ಹರಿದರೆ ಸೂಜಿ ಮೇಲೆದ್ದು ಪೆಟ್ರೋಲು ಚಿಮ್ಮುತ್ತದೆ. ಇಗ್ನಿಷನ್ ಆನ್ ಆದಾಗ ಒಂದು ವೈರಿನಲ್ಲಿ 12 ವೋಲ್ಟ್ ಬಂದು ಕಾದಿರುತ್ತದೆ. ಇನ್ನೊಂದು ವೈರನ್ನು ಅರ್ಥ್‌ಗೆ ಕೂಡಿಸಿ ಬಿಡಿಸುವ ಕೆಲಸ ಇಸಿಯುದು. ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಒಂದೊಂದು ಇಂಜೆಕ್ಟರ್ 400 ಸಲ ಬಾಯಿ ತೆರೆಯಬೇಕು, ಅದೂ ಸಲಕ್ಕೆ ಎರಡು ಮೂರು ಮಿಲಿಸೆಕೆಂಡಿನಷ್ಟು.

ಎಂಜಿನ್ ನಿಲ್ಲಿಸಿ ಕಪ್ಲರ್ ಬಿಚ್ಚಿ ಮಲ್ಟಿಮೀಟರ್ ಹಿಡಿದರು. 13 ಓಮ್. ಇಂಥ ಇಂಜೆಕ್ಟರುಗಳಲ್ಲಿ ಸಾಮಾನ್ಯವಾಗಿ 11ರಿಂದ 16ರೊಳಗೆ ಇರುತ್ತದೆ. ಸುರುಳಿ ತುಂಡಾಗಿದ್ದರೆ ಮೀಟರು ಏನೂ ತೋರಿಸುವುದಿಲ್ಲ. ಅಂದರೆ ಸುರುಳಿ ಗಟ್ಟಿಯಾಗಿದೆ. ಇಗ್ನಿಷನ್ ಆನ್ ಮಾಡಿಸಿ ಕಪ್ಲರಿನ ಸಪ್ಲೈ ಪಿನ್ನಿಗೆ ಟೆಸ್ಟ್ ಲ್ಯಾಂಪ್ ಮುಟ್ಟಿಸಿದರು, ಉರಿಯಿತು. ಆಮೇಲೆ ಕಪ್ಲರಿನ ಎರಡೂ ಪಿನ್ನುಗಳ ನಡುವೆ ಪುಟ್ಟ ಬಲ್ಬು ಸಿಕ್ಕಿಸಿ ಸೆಲ್ಫ್ ಹೊಡೆಯಲು ಹೇಳಿದರು. ಮಿನುಗಬೇಕಿತ್ತು, ಮಿನುಗಲಿಲ್ಲ. ಉಳಿದದ್ದು ಇಸಿಯು ಕಡೆಗೆ ಹೋಗುವ ವೈರು, ಇಲ್ಲವೇ ಇಸಿಯು. ಅವರು ಇಸಿಯು ಹೆಸರೆತ್ತಲಿಲ್ಲ. ವೈರಿಂಗಿನ ಕಪ್ಪು ಸ್ಲೀವ್ ಸೀಳಿದರು.

ಕಪ್ಲರಿನಿಂದ ಒಂದು ಗೇಣು ದೂರದಲ್ಲಿ ಇಲಿಯ ಹಲ್ಲಿನ ಗುರುತು, ಹಸಿರುಗಟ್ಟಿದ ತಾಮ್ರ, ಒಂದೆರಡು ರಾಗಿ ತೆನೆಯ ಹೊಟ್ಟು.

ತಪ್ಪು ನನ್ನದೇ. ತಂಬಾಕು ಸೊಪ್ಪು ಬೇಯಿಸುವ ದಿನಗಳಲ್ಲಿ ಕಾರನ್ನು ವಾರಗಟ್ಟಲೆ ಬ್ಯಾರನ್ ಪಕ್ಕದ ಚಪ್ಪರದಲ್ಲಿ ನಿಲ್ಲಿಸಿದ್ದೆ. ಇಲಿಯ ಮುಂಬಲ್ಲು ಸಾಯುವತನಕ ಬೆಳೆಯುತ್ತಲೇ ಇರುತ್ತದೆ, ಏನನ್ನಾದರೂ ಕಡಿಯದೆ ಅದಕ್ಕೆ ಗತಿಯಿಲ್ಲ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸೀಮೆಯಲ್ಲಿ ಕಾಳಿನ ಚೀಲ, ಹುಲ್ಲು, ಕಾರು ಎಲ್ಲವೂ ಒಂದೇ ಸೂರಿನಡಿ.

ಬ್ಯಾಟರಿಯ ಮೈನಸ್ ಕಳಚಿ, ತಾಮ್ರ ಫಳಫಳ ಕಾಣುವವರೆಗೆ ಕತ್ತರಿಸಿ, ಅಷ್ಟೇ ದಪ್ಪದ ತುಂಡು ವೈರು ಸೇರಿಸಿ ಸಾಲ್ಡರ್ ಹಾಕಿ, ಬಿಸಿಗೆ ಬಿಗಿಯುವ ಟ್ಯೂಬ್ ಏರಿಸಿದರು. ಬರೀ ತಿರುಚಿ ಟೇಪು ಸುತ್ತಿದರೆ ಎಂಜಿನ್ ಶಾಖಕ್ಕೆ ಅಂಟು ಬಿಟ್ಟುಕೊಂಡು ತಿಂಗಳಲ್ಲೇ ಮತ್ತೆ ಅದೇ ಕಥೆ. ಕೋಡು ಅಳಿಸಿ ಬೈಲಕುಪ್ಪೆವರೆಗೆ ಓಡಿಸಿ ಬಂದು ಮತ್ತೆ ಸ್ಕ್ಯಾನ್ ಮಾಡಿದೆವು, ಖಾಲಿ. ಕೊಟ್ಟದ್ದು ನಾನೂರು ರೂಪಾಯಿ, ಜೊತೆಗೆ ಎರಡು ಕಾಫಿ.

ಇಂಜೆಕ್ಷನ್ ನಮ್ಮ ಸೀಮೆಗೆ ಹೊಸದೇನಲ್ಲ. 1951ರಲ್ಲಿ ಶುರುವಾದ, ಬೆಂಗಳೂರಿನ ಮೈಕೋ ಕಂಪನಿಯ ಡೀಸೆಲ್ ಪಂಪು, ನಾಜಲ್‌ಗಳು ಹಳ್ಳಿಹಳ್ಳಿಯ ಟ್ರ್ಯಾಕ್ಟರಿನಲ್ಲಿದ್ದವು; ಅದು ಬಾಷ್ ಎಂಬ ಹೆಸರಿಟ್ಟುಕೊಂಡದ್ದು 2008ರಲ್ಲಿ. ಆ ನಾಜಲ್‌ಗೆ ವೈರೇ ಇರಲಿಲ್ಲ, ಇಲಿಗೂ ಅಲ್ಲಿ ಕೆಲಸವಿರಲಿಲ್ಲ. 2020ರ ಏಪ್ರಿಲ್ 1ರಿಂದ ಬಿಎಸ್ 6 ಮಾಲಿನ್ಯ ನಿಯಮ ಕಡ್ಡಾಯವಾದ ಮೇಲೆ ಬೈಕು, ಸ್ಕೂಟರುಗಳಲ್ಲೂ ಬಹುಮಟ್ಟಿಗೆ ಕಾರ್ಬ್ಯುರೇಟರ್ ಹೋಗಿ ಇಂಜೆಕ್ಟರ್ ಬಂದಿದೆ.

ಕೆ.ಆರ್. ನಗರದ ಕಡೆ ಭತ್ತ ಹೊರುವ ಪಿಕಪ್ ಇಟ್ಟವರಿಗೆ ಒಂದು ಎಚ್ಚರಿಕೆ. ಮೇಲೆ ಹೇಳಿದ್ದೆಲ್ಲ ಪೆಟ್ರೋಲ್ ಗಾಡಿಗೆ. ಕಾಮನ್ ರೈಲ್ ಡೀಸೆಲ್‌ನಲ್ಲಿ ಒತ್ತಡ ಸಾವಿರ ಬಾರ್ ಮೀರುತ್ತದೆ, ಇಂಜೆಕ್ಟರಿನ ವೋಲ್ಟೇಜೂ ಬ್ಯಾಟರಿಯ ಹಲವು ಪಟ್ಟು. ಅಲ್ಲಿ ಟೆಸ್ಟ್ ಲ್ಯಾಂಪ್ ಚುಚ್ಚಬಾರದು, ಸೋರುವ ಪೈಪಿಗೆ ಬೆರಳು ಒಡ್ಡಲೇಬಾರದು.

ಚೆಕ್ ಲೈಟು ಸುಮ್ಮನೆ ಉರಿಯದೆ ಮಿಣಮಿಣ ಮಿನುಗಿದರೆ ಗಾಡಿ ನಿಲ್ಲಿಸಿ. ಸುಡದ ಪೆಟ್ರೋಲು ಸೈಲೆನ್ಸರಿಗೆ ಇಳಿದು ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ, ಅದರ ಬೆಲೆ ಇಂಜೆಕ್ಟರಿಗಿಂತ ಹೆಚ್ಚು. ಎಚ್.ಡಿ. ಕೋಟೆಯಿಂದ ಬಾವಲಿ ಕಡೆ ಹೊರಟವರಂತೂ ಹ್ಯಾಂಡ್‌ಪೋಸ್ಟಿನಲ್ಲೇ ತೋರಿಸಿಕೊಳ್ಳುವುದು ಒಳ್ಳೆಯದು. ಮುಂದೆ ಕಾಡು, ಸಂಜೆಯಾದರೆ ಗೇಟು ಬಂದ್. ಇನ್ನು ಯಾರಾದರೂ ಇಂಜೆಕ್ಟರ್ ಬದಲಾಯಿಸಬೇಕು ಎಂದರೆ, ದುಡ್ಡು ಎಣಿಸುವ ಮೊದಲು ಮೀಟರಿನಲ್ಲಿ ಎಷ್ಟು ಓಮ್ ಬಂತೆಂದು ಕೇಳಿ.