ಎರಡು ಲೋಹ ಕೂಡುವ ಜಾಗ

ಮನೆಯಲ್ಲಿ ತಾಮ್ರದ ತಳದ ಸ್ಟೀಲ್ ಪಾತ್ರೆ ಇದ್ದರೆ ಒಮ್ಮೆ ಬೋರಲು ಹಾಕಿ ನೋಡಿ. ಬಿಸಿ ಹರಡೋದು ತಾಮ್ರದ ಕೆಲಸ, ಗಟ್ಟಿಯಾಗಿ ನಿಲ್ಲೋದು ಸ್ಟೀಲಿನ ಕೆಲಸ. ರಾಕೆಟ್ ಎಂಜಿನ್‌ಗೂ ಬೇಕಿರೋದು ಇಂಥದ್ದೇ ಜೋಡಿ. ಬೆಂಕಿಯ ಶಾಖವನ್ನು ಬೇಗ ಸಾಗಿಸೋಕೆ ಒಳಗೆ ತಾಮ್ರದ ಮಿಶ್ರಲೋಹ, ಒತ್ತಡ ತಡೆಯೋಕೆ ಹೊರಗೆ ಇಂಕೊನೆಲ್ ಎಂಬ ನಿಕಲ್ ಮಿಶ್ರಲೋಹ.

2024ರ ಮೇ 9ರಂದು ಇಸ್ರೋ ತನ್ನ 3ಡಿ ಪ್ರಿಂಟೆಡ್ ಪಿಎಸ್4 ಎಂಜಿನ್ನನ್ನು 665 ಸೆಕೆಂಡ್ ಉರಿಸಿತು. 14 ಬಿಡಿಭಾಗಗಳ ಜಾಗದಲ್ಲಿ ಒಂದೇ ತುಂಡು, 19 ಬೆಸುಗೆಗಳು ಮಾಯ. ಮಾಡಿಕೊಟ್ಟಿದ್ದು ನಮ್ಮ ಬೆಂಗಳೂರಿನ ವಿಪ್ರೋ 3ಡಿ. ಹೆಮ್ಮೆಯಿಂದಲೇ ಸುದ್ದಿ ಓದಿದೆ. ಆದರೆ ಒಂದು ಮಾತು ಹೇಳದೆ ಬಿಟ್ಟಿದ್ದೆ. ಒಂದೇ ಲೋಹದ ಪುಡಿಯಾದರೆ ಬೆಸುಗೆ ತಪ್ಪಿಸಬಹುದು. ಎರಡು ಲೋಹ ಬಂದವೋ, ಬೆಸುಗೆಯ ತಲೆನೋವು ಪ್ರಿಂಟರ್ ಒಳಗೇ ಬಂದು ಕೂರುತ್ತೆ.

ಯಾಕೆ? ಇಸ್ತ್ರಿ ಪೆಟ್ಟಿಗೆ ಕಾದ ಮೇಲೆ ಟಕ್ ಅಂತ ಆಫ್ ಆಗುತ್ತಲ್ಲ, ಒಳಗಿರೋದು ಎರಡು ಲೋಹ ಅಂಟಿಸಿದ ಪಟ್ಟಿ. ಒಂದು ಹೆಚ್ಚು ಹಿಗ್ಗುತ್ತೆ, ಇನ್ನೊಂದು ಕಡಿಮೆ. ಪಟ್ಟಿ ಬಾಗುತ್ತೆ, ಕರೆಂಟ್ ಕಟ್. ಅಲ್ಲಿ ಬಾಗೋದೇ ಉಪಕಾರ. ಎಂಜಿನ್ನಿನಲ್ಲಿ ಬಾಗೋಕೆ ಜಾಗವಿಲ್ಲ, ಬಿರುಕು ಬಿಡುತ್ತೆ. ಇನ್ನು ಕರಗೋ ವಿಷಯ. ತಾಮ್ರ 1,085 ಡಿಗ್ರಿಗೆ ನೀರಾದರೆ ನಿಕಲ್‌ಗೆ 1,455 ಬೇಕು. ಸಾಲದ್ದಕ್ಕೆ ಕೆಲವು ಲೋಹಗಳಿಗೆ ಹುಟ್ಟಾ ವೈರ. ಟೈಟಾನಿಯಂ ಮೇಲೆ ನೇರವಾಗಿ ಸ್ಟೀಲ್ ಕರಗಿಸಿದರೆ ನಡುವೆ ಗಾಜಿನಂತೆ ಒಡೆಯೋ ಪದರ ಹುಟ್ಟುತ್ತೆ. ಅದಕ್ಕೇ ಮಧ್ಯಸ್ಥಿಕೆಗೆ ವೆನೇಡಿಯಂನಂಥ ಮೂರನೇ ಲೋಹ ಇಡ್ತಾರೆ. ತಾಮ್ರ-ನಿಕಲ್ ಮಾತ್ರ ಹಾಲು-ನೀರಿನ ಹಾಗೆ, ಯಾವ ಪ್ರಮಾಣದಲ್ಲೂ ಬೆರೆಯುತ್ತವೆ. ನಮ್ಮ ಹಳೇ ಎರಡು ರೂಪಾಯಿ ನಾಣ್ಯ ಈ ಮಿಶ್ರಣವೇ.

ಈ ಸ್ನೇಹವನ್ನೇ ನಂಬಿ ಅಮೆರಿಕದ ನಾಸಾ 2017ರಲ್ಲಿ ತಾಮ್ರದ ಮಿಶ್ರಲೋಹ ಮತ್ತು ಇಂಕೊನೆಲ್ ಸೇರಿಸಿ, ಎಂಜಿನ್‌ಗೆ ಕಿಡಿ ಹೊತ್ತಿಸೋ ಇಗ್ನೈಟರ್ ಒಂದನ್ನು ಪ್ರಿಂಟ್ ಮಾಡಿಸಿತು. ಮೊದಲೆಲ್ಲ ಇವನ್ನು ಬ್ರೇಜಿಂಗ್ ಮಾಡಿ ಕೂಡಿಸಬೇಕಿತ್ತು. ಅದು ದುಬಾರಿ, ನಿಧಾನ. ಹೊಸದನ್ನು 30ಕ್ಕೂ ಹೆಚ್ಚು ಸಲ ಉರಿಸಿದರು. ಆಮೇಲೆ ಏನು ಮಾಡಿದರು ಗೊತ್ತಾ? ಕೊಯ್ದು, ಸೂಕ್ಷ್ಮದರ್ಶಕದಡಿ ಇಟ್ಟರು. ಎರಡೂ ಲೋಹ ಒಂದರೊಳಗೊಂದು ಇಳಿದು ಬೆರೆತಿದ್ದವು.

ಕೊಯ್ದು ನೋಡಿದ್ದಕ್ಕೆ ಗೊತ್ತಾಯ್ತು. ಹಾರಬೇಕಾದ ಎಂಜಿನ್ನನ್ನು ಕೊಯ್ಯೋಕಾಗಲ್ಲ. ಅದಕ್ಕೆ ಸಿ.ಟಿ. ಸ್ಕ್ಯಾನೇ ಗತಿ, ತೀರಾ ಸಣ್ಣ ಬಿರುಕು ಅದರ ಕಣ್ಣಿಗೂ ತಪ್ಪಿಸಿಕೊಳ್ಳಬಹುದು.