ಅವರೆ ಗಿಡದ ಕೂಡುಬಾಳ್ವೆ

ಧನುರ್ಮಾಸದ ಮುಂಜಾನೆ ಅವರೆ ಹೊಲಕ್ಕೆ ಇಳಿದವರಿಗೆ ಗೊತ್ತು: ಇಬ್ಬನಿ ಕುಡಿದ ಕಾಯಿ ಮುಟ್ಟಿದರೆ ಸೊಗಡು ಕೈಗೆ ಅಂಟುತ್ತದೆ, ಎರಡು ಸಲ ತೊಳೆದರೂ ಹೋಗುವುದಿಲ್ಲ. ಅದೇ ಹೊಲದಲ್ಲಿ ಹೂಗೊಂಚಲಿನ ತೊಟ್ಟಿನ ಮೇಲೆ, ಎಳೆಗಾಯಿಯ ಮೇಲೆ ಕರಿಎಳ್ಳು ಮೆತ್ತಿದಂತೆ ಹೇನುಗಳು ಕೂತಿರುತ್ತವೆ. ಅಲಸಂದೆ, ಕಡಲೆಕಾಯಿ, ಅವರೆ ಮೂರಕ್ಕೂ ಬೀಳುವ ಈ ಕಪ್ಪು ಹೇನಿನ ವೈಜ್ಞಾನಿಕ ಹೆಸರು ಏಫಿಸ್ ಕ್ರಾಸಿವೋರ. ಇವತ್ತು ನಾಲ್ಕಾರು ಕಂಡರೆ ಕೆಲವೇ ದಿನಗಳಲ್ಲಿ ತೊಟ್ಟೇ ಕಾಣದಷ್ಟಾಗುತ್ತವೆ. ಇಷ್ಟು ಬೇಗ ಸಂಸಾರ ಬೆಳೆಸುವ ಹುಳು ಉಣ್ಣುವುದಾದರೂ ಏನು?

ಹೆಚ್ಚುಕಡಿಮೆ ಸಕ್ಕರೆ ನೀರು. ಎಲೆಯಲ್ಲಿ ತಯಾರಾದ ಸಕ್ಕರೆ ಫ್ಲೋಯೆಂ ಎಂಬ ಸಣ್ಣ ಕೊಳವೆಗಳಲ್ಲಿ ಕಾಯಿಗೂ ಬೇರಿಗೂ ಹರಿಯುತ್ತದೆ. ಹೇನು ತನ್ನ ಸೂಜಿಬಾಯನ್ನು ನೇರ ಆ ಕೊಳವೆಗೇ ಚುಚ್ಚುತ್ತದೆ. ಒಳಗಿನ ಒತ್ತಡ ಎಂಥದೆಂದರೆ ಹೇನು ಕಷ್ಟಪಟ್ಟು ಹೀರಬೇಕಿಲ್ಲ. 1953ರಲ್ಲಿ ಕೆನಡಿ ಮತ್ತು ಮಿಟ್ಲರ್ ಎಂಬ ವಿಜ್ಞಾನಿಗಳು ರಸ ಕುಡಿಯುತ್ತಿದ್ದ ಹೇನಿನ ಸೂಜಿಯನ್ನು ಕತ್ತರಿಸಿ ಹೇನನ್ನು ತೆಗೆದುಬಿಟ್ಟರು. ಗಿಡದಲ್ಲಿ ಉಳಿದ ಸೂಜಿಯ ತುಂಡಿನಿಂದ ರಸ ಜಿನುಗುತ್ತಲೇ ಇತ್ತು.

ಆದರೆ ಆ ರಸ ಬಡವರ ಊಟ. ಸಕ್ಕರೆ ಧಾರಾಳ, ಪ್ರೋಟೀನಿಗೆ ಬೇಕಾದ ಅಮೈನೊ ಆಮ್ಲಗಳು ಕಡಿಮೆ. ಅದರಲ್ಲೂ ಪ್ರಾಣಿಗಳು ತಾವಾಗಿ ತಯಾರಿಸಿಕೊಳ್ಳಲಾರದ ಹತ್ತು ಅಮೈನೊ ಆಮ್ಲಗಳಿಗೆ ಅಲ್ಲಿ ಬರಗಾಲ. ನಾವು ಅವನ್ನು ಬೇಳೆ, ಹಾಲು, ಮೊಟ್ಟೆಯಿಂದ ಪಡೆಯುತ್ತೇವೆ. ಹೇನಿಗೆ ಬೇರೆ ಊಟವಿಲ್ಲ. ಬೇಡದ ಸಕ್ಕರೆಯನ್ನು ಅದು ಹಿಂದಿನಿಂದ ಅಂಟುಹನಿಯಾಗಿ ಹೊರಹಾಕುತ್ತದೆ, ಇರುವೆಗಳು ಮುತ್ತುವುದು ಅದಕ್ಕೇ. ಕೊರತೆಯನ್ನು ತುಂಬಿಕೊಳ್ಳುವ ಉಪಾಯ ಮಾತ್ರ ಅದರ ಹೊಟ್ಟೆಯೊಳಗಿದೆ.

ಹೇನಿನ ಮೈಯಲ್ಲಿ ಕೆಲವು ದೊಡ್ಡ ದೊಡ್ಡ ಜೀವಕೋಶಗಳಿವೆ. ಅವುಗಳೊಳಗೆ ಕಿಕ್ಕಿರಿದು ತುಂಬಿರುವುದು ಬುಕ್ನೆರಾ ಎಂಬ ಬ್ಯಾಕ್ಟೀರಿಯಾ. ಕೀಟ ಮತ್ತು ಸೂಕ್ಷ್ಮಜೀವಿಗಳ ಕೂಡುಬಾಳ್ವೆಯನ್ನು ಜೀವಮಾನವಿಡೀ ಅಭ್ಯಸಿಸಿದ ಜರ್ಮನಿಯ ಪೌಲ್ ಬುಕ್ನರ್ ನೆನಪಿಗೆ 1991ರಲ್ಲಿ ಇಟ್ಟ ಹೆಸರು ಅದು. ರಸದಲ್ಲಿ ಸಿಗುವ ಸಾಧಾರಣ ಅಮೈನೊ ಆಮ್ಲಗಳನ್ನು ತೆಗೆದುಕೊಂಡು, ಹೇನಿಗೆ ಬೇಕಾದ ದುರ್ಲಭ ಅಮೈನೊ ಆಮ್ಲಗಳನ್ನು ಬುಕ್ನೆರಾ ಮಾಡಿಕೊಡುತ್ತದೆ. ಆಂಟಿಬಯಾಟಿಕ್ ಕೊಟ್ಟು ಅದನ್ನು ಕೊಂದರೆ ಹೇನು ಕುಬ್ಜವಾಗುತ್ತದೆ, ಮರಿ ಹಾಕುವುದು ನಿಲ್ಲುತ್ತದೆ.

ಬುಕ್ನೆರಾ ಹೊರಗಿನಿಂದ ಬರುವುದಿಲ್ಲ, ತಾಯಿಯಿಂದಲೇ ಬರುತ್ತದೆ. ನಮ್ಮ ಹೊಲದ ಹೇನುಗಳು ಗಂಡಿನ ಹಂಗಿಲ್ಲದೆ ಹೆಣ್ಣುಮರಿಗಳನ್ನೇ ಈಯುತ್ತವೆ. ಅಜ್ಜಿಯ ಹೊಟ್ಟೆಯಲ್ಲಿ ಮಗಳು, ಆ ಇನ್ನೂ ಹುಟ್ಟದ ಮಗಳೊಳಗೆ ಆಗಲೇ ಮೊಮ್ಮಗಳ ಭ್ರೂಣ. ಭ್ರೂಣ ರೂಪುಗೊಳ್ಳುವ ಹಂತದಲ್ಲೇ ಬ್ಯಾಕ್ಟೀರಿಯಾ ಅದರೊಳಕ್ಕೆ ದಾಟುತ್ತದೆ. ಹೀಗೆ ತಾಯಿಯಿಂದ ಮಗಳಿಗೆ ದಾಟುತ್ತಾ ಬಂದಿರುವುದು ಕಡಿಮೆಯೆಂದರೂ 16 ಕೋಟಿ ವರ್ಷಗಳಿಂದ ಎಂಬ ಅಂದಾಜಿದೆ. ಆಗ ಭೂಮಿಯ ಮೇಲೆ ಡೈನೋಸಾರ್‌ಗಳಿದ್ದವು.

ಇಷ್ಟು ಕಾಲ ಒಳಗೇ ಕೂತದ್ದಕ್ಕೆ ಬುಕ್ನೆರಾ ತೆತ್ತ ಬೆಲೆ 2000ದಲ್ಲಿ ಲೆಕ್ಕಕ್ಕೆ ಸಿಕ್ಕಿತು. ಆ ವರ್ಷ ಜಪಾನಿನ ವಿಜ್ಞಾನಿಗಳು ಬಟಾಣಿ ಹೇನಿನ ಬುಕ್ನೆರಾದ ಜೀನೋಮನ್ನು ಪೂರ್ತಿ ಓದಿದರು. ಅದರ ಹತ್ತಿರದ ನೆಂಟ, ನಮ್ಮ ಕರುಳಿನ ಇ. ಕೋಲಿಯಲ್ಲಿ ಸುಮಾರು 46 ಲಕ್ಷ ಡಿಎನ್‌ಎ ಅಕ್ಷರಗಳಿವೆ. ಬುಕ್ನೆರಾದಲ್ಲಿ ಉಳಿದಿದ್ದದ್ದು ಸುಮಾರು 6.4 ಲಕ್ಷ ಮಾತ್ರ. ಹೇನಿಗೆ ಬೇಕಾದ ಅಮೈನೊ ಆಮ್ಲ ಮಾಡುವ ಜೀನ್‌ಗಳು ಭದ್ರವಾಗಿವೆ. ತನ್ನದೇ ಮೈಪೊರೆ ಕಟ್ಟಿಕೊಳ್ಳಲು ಬೇಕಾದ ಜೀನ್‌ಗಳೇ ಕಳೆದುಹೋಗಿವೆ! ತವರಿಗೆ ಮರಳುವ ದಾರಿ ಅದಕ್ಕೆ ಮುಚ್ಚಿದೆ. ಹೇನಿನ ಹೊರಗೆ ಅದು ಬದುಕಲಾರದು.

ಅದರ ದೌರ್ಬಲ್ಯ ಹೇನಿನ ದೌರ್ಬಲ್ಯವೂ ಆಗಿದೆ. ಬುಕ್ನೆರಾದ ಬಿಸಿ ತಾಳುವ ಜೀನೊಂದರ ಬಳಿ ಒಂದೇ ಒಂದು ಅಕ್ಷರ ಬಿದ್ದುಹೋದರೆ ಸಾಕು, ಎಳೆಯ ಬಟಾಣಿ ಹೇನು ಕೆಲವು ಗಂಟೆ 35 ಡಿಗ್ರಿ ಬಿಸಿಗೆ ಸಿಕ್ಕಿದಾಗ ಅದರೊಳಗಿನ ಬ್ಯಾಕ್ಟೀರಿಯಾ ಬಹುಪಾಲು ಸಾಯುತ್ತವೆ, ಮುಂದೆ ಆ ಹೇನು ಮರಿ ಹಾಕುವುದೇ ಅಪರೂಪ. 2007ರಲ್ಲಿ ಪ್ರಕಟವಾದ ಈ ಸಂಗತಿ ಓದಿದ ಮೇಲೆ, ಈ ಕೂಡುಬಾಳ್ವೆಯನ್ನು ಸ್ನೇಹ ಎಂದು ಕರೆಯಲು ನನಗೆ ಮನಸ್ಸು ಒಪ್ಪುವುದಿಲ್ಲ. ಒಂದೇ ಹಗ್ಗಕ್ಕೆ ಕಟ್ಟಿಬಿದ್ದ ಎರಡು ಜೀವ ಎನ್ನುವುದೇ ಸರಿ.

ಇನ್ನು ಅದೇ ಗಿಡದ ಬುಡಕ್ಕೆ ಬನ್ನಿ. ಹೇನು ಕುಡಿದ ರಸದಲ್ಲಿದ್ದ ಸಾರಜನಕ ಎಲ್ಲಿಂದ ಬಂತು? ಬಹುಪಾಲು ಗಾಳಿಯಿಂದ ಬಂದಿರಬಹುದು, ತಂದದ್ದು ಇನ್ನೊಂದು ಬ್ಯಾಕ್ಟೀರಿಯಾ. ಗಾಳಿಯ ಸಾರಜನಕವನ್ನು ಒಡೆಯುವುದು ಸುಲಭದ ಕೆಲಸವಲ್ಲ. ಯೂರಿಯಾಕ್ಕೆ ಬೇಕಾದ ಅಮೋನಿಯ ತಯಾರಿಸುವ ಕಾರ್ಖಾನೆಯಲ್ಲಿ ಅದಕ್ಕೆ 400 ಡಿಗ್ರಿಗೂ ಮಿಕ್ಕಿದ ಕಾವು, ವಾತಾವರಣದ ನೂರು ಪಟ್ಟಿಗೂ ಮೀರಿದ ಒತ್ತಡ ಬೇಕು. ಅವರೆಯ ಬೇರುಗಂಟಿನೊಳಗಿನ ಬ್ಯಾಕ್ಟೀರಿಯಾ ಅದನ್ನು ತಣ್ಣನೆಯ ಮಣ್ಣಿನಲ್ಲಿ ಮಾಡಿ ಮುಗಿಸುತ್ತದೆ. ಡಚ್ ವಿಜ್ಞಾನಿ ಬೇಯರಿಂಕ್ ಬೇರುಗಂಟಿನ ಬ್ಯಾಕ್ಟೀರಿಯಾವನ್ನು ಮೊದಲ ಬಾರಿಗೆ ಬೇರ್ಪಡಿಸಿ ಬೆಳೆಸಿದ್ದು 1888ರಲ್ಲಿ.

ಈ ಸಂಬಂಧದ ಬಗೆಯೇ ಬೇರೆ. ಅವರೆ ಬೀಜ ತಾಯಿಯಿಂದ ಬ್ಯಾಕ್ಟೀರಿಯಾ ತರುವುದಿಲ್ಲ. ಪ್ರತಿ ಸಸಿಯೂ ಮಣ್ಣಿನಲ್ಲಿ ತನ್ನ ಜೊತೆಗಾರನನ್ನು ಹೊಸದಾಗಿ ಹುಡುಕಬೇಕು. ಬೇರು ಒಂದು ರಾಸಾಯನಿಕ ಕರೆ ಕಳಿಸುತ್ತದೆ, ಮಣ್ಣಿನ ಬ್ಯಾಕ್ಟೀರಿಯಾ ತನ್ನದೊಂದು ರಾಸಾಯನಿಕದಿಂದ ಓಗೊಡುತ್ತದೆ, ಗುರುತು ಸಿಕ್ಕರೆ ಬೇರು ಬಾಗಿಲು ತೆರೆದು ಗಂಟು ಕಟ್ಟುತ್ತದೆ. ಸಾರಜನಕ ಹಿಡಿಯುವ ಕಿಣ್ವಕ್ಕೆ ಆಮ್ಲಜನಕ ಸೋಕಿದರೆ ಕೆಡುತ್ತದೆ. ಆದರೆ ಬ್ಯಾಕ್ಟೀರಿಯಾಕ್ಕೆ ಉಸಿರಾಡಲೂ ಆಮ್ಲಜನಕ ಬೇಕಲ್ಲ? ಅದಕ್ಕೆ ಗಿಡ ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ಸೋದರನಂಥ ಒಂದು ಕೆಂಪು ಪ್ರೋಟೀನು ತಯಾರಿಸಿ, ಆಮ್ಲಜನಕವನ್ನು ಅಳೆದು ಅಳೆದು ಕೊಡುತ್ತದೆ.

ಆ ಅಳತೆಯೇ ಗಿಡದ ಕೈಯಲ್ಲಿರುವ ಲಗಾಮು. 2003ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಟೋಬಿ ಕಿಯರ್ಸ್ ಮತ್ತು ಸಂಗಡಿಗರು ಸೋಯಾ ಬೇರುಗಂಟುಗಳ ಸುತ್ತಲಿನ ಗಾಳಿಯಿಂದ ಸಾರಜನಕವನ್ನು ಹೆಚ್ಚುಕಡಿಮೆ ಪೂರ್ತಿ ತೆಗೆದು, ಅದರ ಜಾಗದಲ್ಲಿ ಆರ್ಗಾನ್ ಇಟ್ಟರು. ಬ್ಯಾಕ್ಟೀರಿಯಾ ಇದೆ, ದುಡಿಮೆ ಇಲ್ಲ. ಗಿಡ ಅಂಥ ಗಂಟುಗಳಿಗೆ ಆಮ್ಲಜನಕ ಕಡಿಮೆ ಮಾಡಿತು, ಒಳಗಿನವು ಹೆಚ್ಚು ಮರಿಯಾಗಲಿಲ್ಲ. ಕೊಟ್ಟವನಿಗೆ ಉಂಟು, ಕೊಡದವನಿಗೆ ಇಲ್ಲ.

ಗಿಡ ಒಣಗಿ ಗಂಟು ಕೊಳೆತಾಗ ಬ್ಯಾಕ್ಟೀರಿಯಾ ಮತ್ತೆ ಮಣ್ಣಿಗಿಳಿದು ಸ್ವಂತ ಸಂಸಾರ ಹೂಡುತ್ತವೆ. ಎರಡು ಕಡೆಯ ಬಾಳೂ ತಿಳಿದಿರಬೇಕಾದ್ದರಿಂದ ಅವುಗಳ ಜೀನೋಮ್ ಕುಗ್ಗಿಲ್ಲ: ಸೋಯಾ ಬೇರಿನ ಒಂದು ಬ್ಯಾಕ್ಟೀರಿಯಾದಲ್ಲಿ 91 ಲಕ್ಷ ಅಕ್ಷರಗಳು, ಬುಕ್ನೆರಾದ ಹದಿನಾಲ್ಕು ಪಟ್ಟು. ಬೇರಿನ ಬ್ಯಾಕ್ಟೀರಿಯಾ ಹಿಡಿದ ಸಾರಜನಕ ಮೇಲೇರಿ ರಸ ಸೇರುತ್ತದೆ, ಹೇನಿನೊಳಗೆ ಬುಕ್ನೆರಾದ ಕೈಯಲ್ಲಿ ರೂಪ ಬದಲಿಸುತ್ತದೆ, ಗುಲಗಂಜಿ ಹುಳು ಹೇನನ್ನು ತಿಂದಾಗ ಅದರ ಮೈಗೂ ಸೇರುತ್ತದೆ.

ಬೇರಿನ ಈ ಕೂಡುಬಾಳ್ವೆ ಸಡಿಲವಾದ್ದರಿಂದಲೇ ಅದನ್ನು ಕೆಡಿಸುವುದೂ ಸುಲಭ. ಮಣ್ಣಿನಲ್ಲಿ ಸಾರಜನಕ ಯಥೇಚ್ಛ ಸಿಕ್ಕರೆ ಗಿಡ ಗಂಟು ಕಟ್ಟುವುದನ್ನು ಕಡಿಮೆ ಮಾಡುತ್ತದೆ. ಚೀಲಗಟ್ಟಲೆ ಯೂರಿಯಾ ಎರಚಿದ ಹೊಲದಲ್ಲಿ ಪುಕ್ಕಟೆ ಕಾರ್ಖಾನೆಯನ್ನು ನಾವೇ ಮುಚ್ಚಿದಂತಾಗುತ್ತದೆ. ಅವರೆಯಂಥ ಬೆಳೆ ಹಿಂದೆ ಹಾಕದ ಹೊಸ ಹೊಲವಾದರೆ, ಬೇರುಗಂಟಿನ ಬ್ಯಾಕ್ಟೀರಿಯಾ ಇರುವ ರೈಜೋಬಿಯಂ ಪುಡಿಯನ್ನು ಬೆಲ್ಲದ ಅಂಟಿನಲ್ಲಿ ಬೀಜಕ್ಕೆ ಲೇಪಿಸಿ ನೆರಳಲ್ಲಿ ಆರಿಸಿ ಬಿತ್ತುವ ರೂಢಿ ನಿಜಕ್ಕೂ ಫಲ ಕೊಡುತ್ತದೆ.

ಅವರೆ ಬೆಳೆಯುವವರಲ್ಲಿ ನನ್ನದೊಂದು ಕೋರಿಕೆ. ಮೇಲುಗೊಬ್ಬರ ಕೊಡುವ ಮುನ್ನ, ಹೂ ಬರುವ ಹೊತ್ತಿಗೆ ಒಂದು ಗಿಡವನ್ನು ಎಬ್ಬಿ ನೋಡಿ. ಜಗ್ಗಿ ಕೀಳಬೇಡಿ, ಗಂಟು ಕಳಚಿ ಮಣ್ಣಲ್ಲೇ ಉಳಿಯುತ್ತವೆ. ಗುದ್ದಲಿಯಿಂದ ಹೆಂಟೆ ಸಮೇತ ಎತ್ತಿ ಬಕೆಟ್ ನೀರಲ್ಲಿ ನೆನೆಯಿಟ್ಟು ತೊಳೆಯಿರಿ. ಬೇರೇ ಊದಿಕೊಂಡಿದ್ದರೆ ಅದು ಜಂತುಹುಳುವಿನ ಕಾಟ. ಬೇರಿನ ಮಗ್ಗುಲಿಗೆ ಮಣಿಯಂತೆ ಅಂಟಿ, ಬೆರಳಿಗೆ ಸುಲಭವಾಗಿ ಬಿಡಿಸಿಬರುವುದು ಬ್ಯಾಕ್ಟೀರಿಯಾದ ಗಂಟು. ಅದನ್ನು ಉಗುರಿನಿಂದ ಸೀಳಿ. ಒಳಗೆ ಕೆಂಪಗಿದ್ದರೆ ಯೂರಿಯಾ ಚೀಲ ಮನೆಯಲ್ಲೇ ಇರಲಿ.