ಫಲಕ ಇರುವ ದುಡ್ಡು, ಫಲಕ ಇಲ್ಲದ ದುಡ್ಡು

ಗಂಗಾವತಿ, ಸಿಂಧನೂರು ಸೀಮೆಯಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆ ಹರಿದಲ್ಲೆಲ್ಲ ಭತ್ತ. ಭತ್ತದ ಹಿಂದೆಯೇ ರೈಸ್ ಮಿಲ್ಲು, ಟ್ರ್ಯಾಕ್ಟರ್ ಷೋರೂಮು, ಕೊಯ್ಲು ಯಂತ್ರ ರಿಪೇರಿಯ ಶೆಡ್ಡು ಬಂದಿವೆ. ಸುಗ್ಗಿಯ ಹೊತ್ತಿಗೆ ಇಲ್ಲಿ ಒಳ್ಳೆ ವೆಲ್ಡರ್ ಸಿಗುವುದು ಡಾಕ್ಟರ್ ಸಿಗುವುದಕ್ಕಿಂತ ಕಷ್ಟ. ಈ ಭಾಗದ ಒಂದು ತಾಲ್ಲೂಕು ಪಟ್ಟಣದ ಹೊರಗೆ, ಬಸ್ ನಿಲ್ದಾಣದಿಂದ ಷೇರ್ ಆಟೊದಲ್ಲಿ ಹೋಗುವಷ್ಟು ದೂರದಲ್ಲಿ, ಸರ್ಕಾರಿ ಕೈಗಾರಿಕಾ ತರಬೇತಿ ಸಂಸ್ಥೆ ಇದೆ. ಊರಿನವರ ಬಾಯಲ್ಲಿ ಅದು ‘ಐಟಿಐ ಕಾಲೇಜು’.

“ಎಲ್ಲಾ ನೋಡ್ರಿ, ಏನ್ ಬೇಕಾದ್ರೂ ಕೇಳ್ರಿ. ಊರ ಹೆಸರು, ನಮ್ಮ ಹೆಸರು ಮಾತ್ರ ಹಾಕಬ್ಯಾಡ್ರಿ” ಎಂದು ಪ್ರಾಂಶುಪಾಲರು ಮೊದಲೇ ಹೇಳಿಬಿಟ್ಟರು. ಹಾಗಾಗಿ ಹೆಸರುಗಳಿಲ್ಲ. ಗೇಟು ದಾಟಿದ ಕೂಡಲೇ ಕಣ್ಣಿಗೆ ಬೀಳುವುದು ಫಲಕಗಳು. ಕಟ್ಟಡಕ್ಕೊಂದು ಗ್ರಾನೈಟ್ ಕಲ್ಲು. ಅದರ ಮೇಲೆ ಯೋಜನೆಯ ಹೆಸರು, ಮೊತ್ತ, ಉದ್ಘಾಟಿಸಿದವರ ಹೆಸರು. ಒಂದಾದ ಮೇಲೊಂದು ಓದುತ್ತ ಹೋದರೆ ಈ ದೇಶ ಕುಶಲ ಕೆಲಸಗಾರನನ್ನು ತಯಾರಿಸಲು ಯಾವ ಯಾವ ಚೀಲದಿಂದ ದುಡ್ಡು ತೆಗೆದಿದೆ ಎಂಬುದು ಗೊತ್ತಾಗುತ್ತದೆ.

ಮೊದಲು ಸಿಗುವುದು ಹಳೆಯ ಶೆಡ್ಡು. ಮೇಲೆ ಸಿಮೆಂಟ್ ಶೀಟು, ಒಳಗೆ ಫಿಟ್ಟರ್ ವಿಭಾಗ. ಕುಶಲಕರ್ಮಿ ತರಬೇತಿ ಯೋಜನೆಯನ್ನು ಕೇಂದ್ರ ಸರ್ಕಾರ ಆರಂಭಿಸಿದ್ದು 1950ರಲ್ಲಿ. 1956ರಲ್ಲಿ ಐಟಿಐಗಳ ದಿನನಿತ್ಯದ ಆಡಳಿತ ರಾಜ್ಯಗಳಿಗೆ ಬಂತು. 1969ರ ಏಪ್ರಿಲ್ 1ರಿಂದ ಹಣಕಾಸಿನ ಹೊಣೆಯೂ ರಾಜ್ಯಗಳ ಹೆಗಲೇರಿತು. ಪಠ್ಯಕ್ರಮ, ಪರೀಕ್ಷೆ, ಪ್ರಮಾಣಪತ್ರ ದೆಹಲಿಯ ಕೈಯಲ್ಲೇ ಉಳಿದವು. ಸಂಬಳ, ಕರೆಂಟು, ಕಬ್ಬಿಣ ಬೆಂಗಳೂರಿನ ಬಜೆಟ್ಟಿಗೆ ಬಂದವು. ಇಂದಿಗೂ ಈ ಖರ್ಚು ಬರುವುದು ರಾಜ್ಯ ಬಜೆಟ್ಟಿನ 2230ನೇ ಲೆಕ್ಕ ಶೀರ್ಷಿಕೆಯಿಂದ, ಅಂದರೆ ಕಾರ್ಮಿಕ, ಉದ್ಯೋಗ ಮತ್ತು ಕೌಶಲ್ಯಾಭಿವೃದ್ಧಿಯ ರಾಜಸ್ವ ವೆಚ್ಚದಿಂದ. ಈ ಶೆಡ್ಡಿಗೆ ಮಾತ್ರ ಫಲಕವಿಲ್ಲ.

ಫಿಟ್ಟರ್ ಎರಡು ವರ್ಷದ ಕೋರ್ಸು, ಒಂದು ತಂಡಕ್ಕೆ ಇಪ್ಪತ್ತು ಜನ. ಉದ್ದನೆಯ ಬೆಂಚಿಗೆ ಸಾಲಾಗಿ ವೈಸ್‌ಗಳು. ಹುಡುಗರು ಎಂ.ಎಸ್. ಫ್ಲಾಟ್‌ನ ತುಂಡು ಬಿಗಿದು ಫೈಲ್ (ಅರ) ಹಾಕುತ್ತಿದ್ದಾರೆ. ಒಬ್ಬ ತನ್ನ ‘ಜಾಬ್’ ತೆಗೆದು ಟ್ರೈಸ್ಕ್ವೇರ್‌ಗೆ ಹೊಂದಿಸಿ ಕಿಟಕಿಯ ಬೆಳಕಿಗೆ ಹಿಡಿದ. ಎರಡರ ನಡುವೆ ಕೂದಲೆಳೆಯಷ್ಟು ಬೆಳಕು ಕಂಡರೂ ಅಲ್ಲಿ ಉಬ್ಬೋ ತಗ್ಗೋ ಇದೆ ಎಂದರ್ಥ. ಮತ್ತೆ ವೈಸ್‌ಗೆ, ಮತ್ತೆ ಫೈಲು. ಕಂಪ್ಯೂಟರೇ ಯಂತ್ರ ನಡೆಸುವ ಸಿಎನ್‌ಸಿ ಕಾಲದಲ್ಲಿ ಈ ಕೈಕೆಲಸ ಏಕೆ ಎಂದು ಕೇಳಿದೆ. ಕಿರಿಯ ತರಬೇತಿ ಅಧಿಕಾರಿ, ಇಲ್ಲಿ ಎಲ್ಲರೂ ಜೆಟಿಒ ಎನ್ನುತ್ತಾರೆ, ನಕ್ಕರು: “ಮಷೀನು ಸೊನ್ನಿ ಪಾಯಿಂಟ್ ಸೊನ್ನಿ ಎರಡು ಅಂತ ತೋರಸ್ತದರಿ. ಅದು ಎಷ್ಟು ಅನ್ನೋದು ಬೆರಳಿಗೆ ಗೊತ್ತಿರಬೇಕಲ್ರೀ. ಬೆರಳಿಗೆ ಗೊತ್ತಾಗೋದು ಇಲ್ಲೇ.”

ಅವರು ಒಂದು ಫೈಲು ನನ್ನ ಕೈಗೆ ಕೊಟ್ಟರು. ಮೇಲೆ ಹೆಬ್ಬೆರಳು ಆಡಿಸಿದರೆ ನುಣುಪು, ಹಲ್ಲೇ ಉಳಿದಿಲ್ಲ. “ಇದರಾಗ ತಿಕ್ಕಿದ್ರ ಕಬ್ಬಿಣ ಸವಿಯಾಂಗಿಲ್ಲ, ಹುಡುಗರ ತೋಳು ಸವೀತಾವು.” ಹೊಸ ಫೈಲಿಗೆ ಇಂಡೆಂಟ್ ಹೋಗಿದೆ. ಕಚ್ಚಾಸಾಮಗ್ರಿಯ ಅನುದಾನ ಕಂತು ಕಂತಾಗಿ ಬರುತ್ತದೆ, ಒಮ್ಮೊಮ್ಮೆ ಮಾರ್ಚ್ ಹತ್ತಿರವಾದಾಗ. ಆಗ ಮಾರ್ಚ್ 31ರ ಒಳಗೆ ಖರ್ಚು ಮಾಡಿ ಬಿಲ್ಲು ಖಜಾನೆಗೆ ಹೋಗಬೇಕು. ತರಗತಿ ಬಿರುಸಾಗಿರುವ ತಿಂಗಳುಗಳಲ್ಲಿ ಉಗ್ರಾಣ ಖಾಲಿ, ವರ್ಷದ ಕೊನೆಗೆ ತುಂಬಿರುತ್ತದೆ.

ಪಕ್ಕದ ವೆಲ್ಡಿಂಗ್ ವಿಭಾಗದಲ್ಲಿ ಈ ಲೆಕ್ಕ ಕಣ್ಣೆದುರೇ ಉರಿಯುತ್ತದೆ. ಹುಡುಗಿಯೊಬ್ಬಳು ಹೆಲ್ಮೆಟ್ ಇಳಿಸಿ ಬೆಸುಗೆ ಕಡ್ಡಿ ತಾಕಿಸಿದಳು. ಅದು ಪ್ಲೇಟಿಗೆ ಅಂಟಿಕೊಂಡಿತು. ಹೋಲ್ಡರ್ ತಿರುಚಿ ಬಿಡಿಸಿ ಮತ್ತೆ ತಾಕಿಸಿದಳು. “ಎಣ್ಣ್ಯಾಗ ಮಿರ್ಚಿ ಬಿಟ್ಟಂಗ ಸಪ್ಪಳ ಬರಬೇಕವ್ವಾ, ಪಟಪಟ ಅಂದ್ರ ಆರ್ಕ್ ಉದ್ದ ಆಗೇತಿ” ಎಂದು ಹಿಂದಿನಿಂದ ಬೋಧಕರು ಕೂಗಿದರು. ಮೂರನೆಯ ಸಲ ಸಪ್ಪಳ ಸರಿ ಬಂತು. ಎರಡು ನಿಮಿಷವೂ ಆಗಿರಲಿಲ್ಲ, ಕಡ್ಡಿ ಮುಗಿದಿತ್ತು. ಚಿಪ್ಪಿಂಗ್ ಸುತ್ತಿಗೆಯಿಂದ ಸ್ಲ್ಯಾಗ್ ಬಡಿದು ತೆಗೆದಾಗ ಕೆಳಗಿನ ಬೀಡ್ ಅರ್ಧ ನೇರ, ಅರ್ಧ ಸೊಟ್ಟ. ಕೈ ಕೂರುವ ತನಕ ಹೀಗೆ ಕಡ್ಡಿ ಮೇಲೆ ಕಡ್ಡಿ ಸುಡಬೇಕು. ಬೇರೆ ದಾರಿಯಿಲ್ಲ. ಕಡ್ಡಿ ಕಡಿಮೆಯಿದ್ದ ದಿನ ಒಬ್ಬರು ಬೆಸೆಯುತ್ತಾರೆ, ಉಳಿದವರು ನೋಡುತ್ತಾರೆ. ಬೆಸುಗೆಯನ್ನು ನೋಡಿ ಕಲಿತವರು ಯಾರೂ ಇಲ್ಲ.

ಆ ಹುಡುಗಿ ಬರುವುದು ದೂರದ ಹಳ್ಳಿಯಿಂದ, ಸರ್ಕಾರಿ ಬಸ್ಸಿನಲ್ಲಿ. 2023ರ ಜೂನ್‌ನಲ್ಲಿ ‘ಶಕ್ತಿ’ ಯೋಜನೆ ಶುರುವಾದ ಮೇಲೆ ಟಿಕೆಟ್ಟಿನ ಚಿಂತೆಯಿಲ್ಲ. “ಬಸ್ ಫ್ರೀ ಇಲ್ಲಾಂದ್ರ ಅಪ್ಪ ಕಳಸ್ತಿರಲಿಲ್ರೀ ಸರ್” ಎಂದಳು. ಕೌಶಲ್ಯದ ಬಜೆಟ್ಟಿನಲ್ಲಿ ಎಲ್ಲೂ ಕಾಣದ ಈ ಬಸ್ಸು ಕೂಡ ಆಕೆಯ ತರಬೇತಿಯ ಖರ್ಚೇ.

ಅಂಗಳ ದಾಟಿದರೆ ಎರಡು ತರಗತಿ ಕೊಠಡಿಗಳ ಮೇಲೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಫಲಕ. ಸಂವಿಧಾನದ 371(ಜೆ) ವಿಧಿಯ ಫಲವಾಗಿ ಈ ಭಾಗಕ್ಕೆ ಬಂದ ಪ್ರತ್ಯೇಕ ಹಣ ಇಲ್ಲಿ ಕೊಠಡಿಯ ರೂಪ ತಾಳಿದೆ. ಆಚೆಯ ಕಟ್ಟಡ ನಬಾರ್ಡ್‌ನ ಗ್ರಾಮೀಣ ಮೂಲಸೌಕರ್ಯ ನಿಧಿಯ ಸಾಲದ್ದು. ಅದರೊಳಗಿನ ಎಲೆಕ್ಟ್ರಿಕಲ್ ಲ್ಯಾಬಿನ ಬಾಗಿಲಲ್ಲಿ ಮತ್ತೊಂದು ಹಳೆಯ ಬೋರ್ಡು. 2007–08ರಲ್ಲಿ ಕೇಂದ್ರ ಆರಂಭಿಸಿದ ಸಾರ್ವಜನಿಕ–ಖಾಸಗಿ ಸಹಭಾಗಿತ್ವ ಯೋಜನೆಯದು. ದೇಶದ 1,396 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೆ ಏರಿಸಲು ತಲಾ ₹2.5 ಕೋಟಿಯ ಬಡ್ಡಿರಹಿತ ಸಾಲ ಕೊಟ್ಟ ಯೋಜನೆ ಅದು. ಸಾಲ ಹೋದದ್ದು ಉದ್ಯಮಿಯೊಬ್ಬರು ಅಧ್ಯಕ್ಷರಾಗಿರುವ ಸಂಸ್ಥಾ ನಿರ್ವಹಣಾ ಸಮಿತಿಗೆ. ಮೊದಲ ಹತ್ತು ವರ್ಷ ಕಂತಿಲ್ಲ, ಆಮೇಲೆ ಇಪ್ಪತ್ತು ವರ್ಷದಲ್ಲಿ ತೀರಿಸಬೇಕು. ಅದರಲ್ಲೊಂದು ಭಾಗವನ್ನು ಬ್ಯಾಂಕಿನಲ್ಲಿ ಠೇವಣಿಯಿಟ್ಟು ಬಡ್ಡಿ ಬಳಸಲು ಅವಕಾಶವಿತ್ತು. ಸಮಿತಿ ಚುರುಕಾಗಿದ್ದ ಕಡೆ ಈ ಬಡ್ಡಿಯೇ ಫೈಲು, ಕಡ್ಡಿ, ಬಲ್ಬಿಗೆ ಒದಗಿತು. ಈ ಪ್ರಾಂಗಣದಲ್ಲಿ ನಾನು ಕಂಡ ಯೋಜನೆಗಳಲ್ಲಿ ಸಣ್ಣ ಖರ್ಚಿನ ಬಗ್ಗೆ ಯೋಚಿಸಿದ್ದು ಇದೊಂದೇ.

ಕೊನೆಯಲ್ಲಿ ನೀಲಿ ಛಾವಣಿಯ ಹೊಸ ಕಟ್ಟಡ. ಬಾಗಿಲು ತೆರೆದರೆ ಎ.ಸಿ.ಯ ತಂಪು. ಇದು ‘ಉದ್ಯೋಗ’ ಯೋಜನೆಯದು. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಕರ್ನಾಟಕ ಸರ್ಕಾರ 150 ಸರ್ಕಾರಿ ಐಟಿಐಗಳನ್ನು ತಂತ್ರಜ್ಞಾನ ಕೇಂದ್ರಗಳಾಗಿ ಮಾಡಿತು. ವೆಚ್ಚ ₹4,600 ಕೋಟಿಗೂ ಮಿಕ್ಕು, ಅದರಲ್ಲಿ ಕಂಪನಿ ಮತ್ತು ಅದರ ಉದ್ಯಮ ಸಹಭಾಗಿಗಳ ಪಾಲೇ ಹೆಚ್ಚು. 2022ರ ಜೂನ್ 20ರಂದು ಬೆಂಗಳೂರಿನಲ್ಲಿ ಪ್ರಧಾನಿ ಇವನ್ನು ಲೋಕಾರ್ಪಣೆ ಮಾಡಿದರು. ಒಳಗೆ ಸಿಎನ್‌ಸಿ ಯಂತ್ರ, ರೋಬೋಟ್ ತೋಳು, ತ್ರೀಡಿ ಪ್ರಿಂಟರು, ಬಿಚ್ಚಿ ಜೋಡಿಸಲೆಂದು ಇಟ್ಟ ವಿದ್ಯುತ್ ವಾಹನ, ಸಾಲು ಕಂಪ್ಯೂಟರುಗಳು.

ಇದು ತೋರಿಕೆಯ ಕೋಣೆಯೆಂದು ಭಾವಿಸಿ ಒಳಗೆ ಕಾಲಿಟ್ಟಿದ್ದೆ. ಹಾಗೇನಿರಲಿಲ್ಲ. ರೈತನ ಮಗನೊಬ್ಬ ಬಿತ್ತುವ ಯಂತ್ರದ ಬೀಜದ ಪ್ಲೇಟನ್ನು ಕಂಪ್ಯೂಟರಿನಲ್ಲಿ ಬಿಡಿಸಿ ತ್ರೀಡಿ ಪ್ರಿಂಟರಿನಲ್ಲಿ ತೆಗೆದಿದ್ದ. ಮೊದಲನೆಯದರ ಗುಳಿ ದೊಡ್ಡದಾಗಿ ಎರಡೆರಡು ಬೀಜ ಬೀಳುತ್ತಿದ್ದವಂತೆ. ಅಳತೆ ತಿದ್ದಿ ಎರಡನೆಯದು ಮಾಡಿದ್ದಾನೆ. ಹಳೆಯ ಶೆಡ್ಡಿನಲ್ಲಿ ಇದು ಆಗುತ್ತಿರಲಿಲ್ಲ. ಮೂರನೆಯದು ಎಲ್ಲಿ ಎಂದೆ. “ಫಿಲಮೆಂಟ್ ಖಾಲಿ ಆಗೇತ್ರಿ” ಎಂದ. ಪ್ರಿಂಟರಿಗೆ ಬೇಕಾದ ಪ್ಲಾಸ್ಟಿಕ್ ದಾರದ ಸುರುಳಿ ಮುಗಿದು, ಲಕ್ಷಗಟ್ಟಲೆ ಬೆಲೆಯ ಯಂತ್ರ ಸಾವಿರ ಚಿಲ್ಲರೆಯ ಸುರುಳಿಗೆ ಕಾಯುತ್ತ ನಿಂತಿದೆ.

ಅಲ್ಲಿಂದ ಪ್ರಾಂಶುಪಾಲರ ಕೋಣೆಗೆ. ಮೇಜಿನ ಮೇಲೆ ಜೆಸ್ಕಾಂ ಬಿಲ್ಲು. ಹೊಸ ಕಟ್ಟಡ ಬಂದ ಮೇಲೆ ಕರೆಂಟಿನ ಲೋಡು ಏರಿದೆ, ಅನುದಾನ ಅದರ ಜೊತೆಗೆ ಏರಿಲ್ಲ. ಆರಂಭದ ವರ್ಷಗಳಿಗೆ ಕಂಪನಿಯ ಕಡೆಯಿಂದಲೇ ತರಬೇತುದಾರರು ಬಂದಿದ್ದರು. ಆಮೇಲೆ ಆ ಯಂತ್ರಗಳ ಹೊಣೆ ಸಂಸ್ಥೆಯ ಸಿಬ್ಬಂದಿಯದು. ಆದರೆ ಮಂಜೂರಾದ ಹುದ್ದೆಗಳೇ ಪೂರ್ತಿ ತುಂಬಿಲ್ಲ, ಕೆಲವು ವಿಭಾಗಗಳು ಅತಿಥಿ ಬೋಧಕರ ಮೇಲೆ ನಡೆಯುತ್ತಿವೆ. “ಯಂತ್ರ ಬೇಕು ಅಂತ ಬರದ್ರ ಫೈಲು ಓಡತದರಿ. ಗ್ರೀಸು ಬೇಕು ಅಂತ ಬರದ್ರ ಕುಂಟತದ” ಎಂದರು ಪ್ರಾಂಶುಪಾಲರು.

ಕಾರಣ ಯಾರ ಕೆಟ್ಟತನವೂ ಅಲ್ಲ, ಲೆಕ್ಕದ ರೀತಿ ಹಾಗಿದೆ. ಕಟ್ಟಡ, ಯಂತ್ರ ಬಂಡವಾಳ ವೆಚ್ಚ. ಅದಕ್ಕೆ ಯೋಜನೆ, ಸಾಲ, ಸಹಭಾಗಿ, ಉದ್ಘಾಟನೆ ಎಲ್ಲವೂ ಸಿಗುತ್ತವೆ. ಕಡ್ಡಿ, ಫೈಲು, ಕರೆಂಟು, ರಿಪೇರಿ ರಾಜಸ್ವ ವೆಚ್ಚ. ಬಜೆಟ್ ಬಿಗಿಯಾದಾಗ ಸಂಬಳ ಮುಟ್ಟುವಂತಿಲ್ಲ, ಹಾಗಾಗಿ ಕತ್ತರಿ ಬೀಳುವುದು ಇವುಗಳ ಮೇಲೆಯೇ. ಫಲಕ ಹಾಕಿಸಿಕೊಳ್ಳುವ ದುಡ್ಡು ಹೇಗೋ ಬರುತ್ತದೆ, ಫಲಕವಿಲ್ಲದ ದುಡ್ಡಿಗೆ ಹೇಳುವವರು ಕೇಳುವವರು ಇಲ್ಲ.

ಕೋರ್ಸು ಮುಗಿಸಿದವರಲ್ಲಿ ಹಲವರು ಅಪ್ರೆಂಟಿಸ್ ಆಗಿ ತೋರಣಗಲ್ಲು, ಹೊಸಪೇಟೆ ಕಡೆಯ ಕಾರ್ಖಾನೆಗಳಿಗೆ ಹೋಗುತ್ತಾರೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಮೂವತ್ತು ಅಥವಾ ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಸಂಸ್ಥೆ ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 2016ರಲ್ಲಿ ಬಂದ ಉತ್ತೇಜನ ಯೋಜನೆಯಡಿ ಸ್ಟೈಪೆಂಡಿನ ಕಾಲು ಭಾಗವನ್ನು, ತಿಂಗಳಿಗೆ ₹1,500ರ ಮಿತಿಯಲ್ಲಿ, ಕೇಂದ್ರ ಭರಿಸುತ್ತದೆ. ಅಲ್ಲಿ ಹುಡುಗ ಕಲಿಯುವುದು ಉತ್ಪಾದನೆ ನಡೆಯುವ ಯಂತ್ರದ ಮುಂದೆ. ಸಾಮಗ್ರಿ ಮುಗಿಯಿತೆಂದು ಕಾರ್ಖಾನೆ ಕೈಕಟ್ಟಿ ಕೂರುವುದಿಲ್ಲ. ಸರ್ಕಾರಕ್ಕೆ ತಲೆಗೆ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಕಲಿಕೆ ಸಿಗುವ ದಾರಿ ಇನ್ನೊಂದು ಕಾಣೆ.

ಈಗ ಇನ್ನೂ ದೊಡ್ಡ ಚೀಲ ಬಿಚ್ಚಿದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಸಂಪುಟ ಒಪ್ಪಿ, ಅಕ್ಟೋಬರ್‌ನಲ್ಲಿ ‘ಪಿಎಂ–ಸೇತು’ ಹೆಸರಿನಲ್ಲಿ ಚಾಲನೆ ಪಡೆದ ಯೋಜನೆಗೆ ಐದು ವರ್ಷಕ್ಕೆ ₹60,000 ಕೋಟಿ. ಕೇಂದ್ರದ್ದು 30,000, ರಾಜ್ಯಗಳದ್ದು 20,000, ಉದ್ಯಮದ್ದು 10,000 ಕೋಟಿ. ದೇಶದ 1,000 ಸರ್ಕಾರಿ ಐಟಿಐಗಳು ಇದರ ವ್ಯಾಪ್ತಿಗೆ ಬರುತ್ತವೆ: 200 ಕೇಂದ್ರ ಸಂಸ್ಥೆಗಳು, ಅವುಗಳ ಸುತ್ತ 800 ಉಪಸಂಸ್ಥೆಗಳು. ಈ ಐಟಿಐಗೂ ಪಾಲು ಬರಬಹುದೆಂಬ ಆಸೆ ಇಲ್ಲಿಯವರಿಗಿದೆ. ಬರಲಿ.

ಬರುವ ಮುಂಚೆ ಮೂರು ಷರತ್ತು ಹಾಕಿಕೊಳ್ಳುವುದು ಒಳ್ಳೆಯದು. ಯಂತ್ರ ಮಂಜೂರಾಗುವ ಆದೇಶದಲ್ಲೇ ಅದರ ವಾರ್ಷಿಕ ದುರಸ್ತಿ, ಸಾಮಗ್ರಿ, ಕರೆಂಟಿನ ಹಣವೂ ನಿಗದಿಯಾಗಲಿ. ಕಚ್ಚಾಸಾಮಗ್ರಿಯ ಅನುದಾನ ತರಗತಿ ಶುರುವಾಗುವ ಮೊದಲೇ ಸಂಸ್ಥೆಗೆ ತಲುಪಲಿ. ಸ್ಥಳೀಯ ಮಿಲ್ಲು, ಗ್ಯಾರೇಜುಗಳ ಕೆಲಸ ಮಾಡಿಕೊಟ್ಟು ಗಳಿಸಿದ ಹಣ ಅಲ್ಲೇ ಉಳಿದು ಅಲ್ಲೇ ಖರ್ಚಾಗಲಿ. ಇನ್ನು ನಮ್ಮ ಶಾಸಕರು ಐಟಿಐಗೆ ಭೇಟಿ ಕೊಟ್ಟಾಗ ಕಟ್ಟಡಕ್ಕೆ ಎಷ್ಟು ಕೋಟಿ ಬಂತು ಎಂದು ಕೇಳುವ ರೂಢಿಯಿದೆ. ಅದರ ಬದಲು ವೆಲ್ಡಿಂಗ್ ಶೆಡ್ಡಿಗೆ ಹೋಗಿ, ಈ ತಿಂಗಳು ಒಬ್ಬೊಬ್ಬರಿಗೆ ಎಷ್ಟು ಕಡ್ಡಿ ಸಿಕ್ಕವು ಎಂದು ಕೇಳಲಿ. ಆ ಸಂಖ್ಯೆ ಹೇಳಿದಷ್ಟು ನಿಜವನ್ನು ಯಾವ ಪ್ರಗತಿ ವರದಿಯೂ ಹೇಳುವುದಿಲ್ಲ.